ನಲವತ್ತು ಮನೆಯೊಳಗೊಂದು ಹೆಸರು

ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಕಾಫಿಗೆ ಚಿಕೋರಿ ಬೆರೆಸಬೇಕೆ ಬೇಡವೆ, ಸಾರಿಗೆ ಬೆಲ್ಲ ಹಾಕಬಹುದೆ ಬಾರದೆ—ಇಂಥ ವಿಷಯಗಳಲ್ಲಿ ನಾವೆಲ್ಲರೂ ಆಚಾರ್ಯಪುರುಷರೇ. ಒಂದೊಂದು ಕಸುಬಿಗೂ ಅದರದೇ ಆದ ಮತಭೇದಗಳುಂಟು. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತನ್ನು ಬಳಸಬೇಕೆ, ಇಲ್ಲವೆ ರಕಾರದ ಕೆಳಗೆ ಯಕಾರದ ಒತ್ತು ಕೊಡಬೇಕೆ ಎಂಬ ಬಗ್ಗೆ ಕನ್ನಡ ಮೇಷ್ಟರಾದ ನಾವು ಗಂಟೆಗಟ್ಟಲೆ ವಾದಿಸಬಲ್ಲೆವು. ಸೂರ್ಯನೇನೋ ಹೇಗೆ ಬರೆದರೂ ಬೆಳಗಾದರೆ ಹುಟ್ಟುತ್ತಾನೆ.

ಅಂತರಜಾಲದ ಪುಟಗಳನ್ನು ಕಟ್ಟುವ ತರುಣರದೂ ಇದೇ ಕಥೆ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಆ ಕೆಲಸ ಮಾಡುತ್ತಾನೆ. ರಜದ ದಿನ ಗೆಳೆಯರೊಡನೆ ಬಂದನೆಂದರೆ ನಮ್ಮ ಪಡಸಾಲೆ ಶಾಸ್ತ್ರಾರ್ಥದ ಸಭೆಯೇ ಆಗಿಬಿಡುತ್ತದೆ. ಸಾಲಿನ ಮೊದಲಲ್ಲಿ ಜಾಗ ಬಿಡುವುದಕ್ಕೆ ಟ್ಯಾಬ್ ಕೀಲಿಯನ್ನು ಒಂದು ಸಲ ಒತ್ತಬೇಕೆ, ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಒತ್ತಬೇಕೆ? ಬರೆಯುವ ಸಾಧನ ವೀ-ಐ ಇರಬೇಕೆ, ಈಮ್ಯಾಕ್ಸ್ ಇರಬೇಕೆ? ಇವೆರಡೂ ಹುಟ್ಟಿದ್ದು 1976ರ ಸುಮಾರಿನಲ್ಲಿ. ಜಗಳಕ್ಕೂ ಹೆಚ್ಚು ಕಡಮೆ ಅಷ್ಟೇ ವಯಸ್ಸು. ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ವಾಕ್ಯದ ಕೊನೆಗೆ ಅರ್ಧವಿರಾಮ ಬೇಕೇ ಬೇಕೆಂದು ಒಬ್ಬ. ಬಿಟ್ಟರೂ ಯಂತ್ರವೇ ಹಾಕಿಕೊಳ್ಳುತ್ತದೆ, ಅಷ್ಟು ಶ್ರಮವೇಕೆಂದು ಇನ್ನೊಬ್ಬ.

“ಯಂತ್ರಕ್ಕೆ ಇದರಿಂದ ಏನಾಗಬೇಕಪ್ಪ?” ಎಂದು ನಾನು ಕೇಳಿದೆ.

“ಏನೂ ಇಲ್ಲ, ಚಿಕ್ಕಪ್ಪ. ನಾನು ಬರೆದದ್ದನ್ನು ನಾಳೆ ಇನ್ನೊಬ್ಬ ಓದಬೇಕಲ್ಲ, ಅವನಿಗಾಗಿ” ಎಂದ.

ಈ ಮಾತು ನನಗೆ ಹಿಡಿಸಿತು. ಪೈಥಾನ್ ಎಂಬ ಭಾಷೆಯಲ್ಲಿ ಮಾತ್ರ ಸಾಲಿನ ಮುಂದೆ ಬಿಡುವ ಜಾಗವೇ ವ್ಯಾಕರಣವಂತೆ. ಜಾಗ ತಪ್ಪಿದರೆ ಅರ್ಥವೂ ತಪ್ಪುತ್ತದೆ. 2009ರಲ್ಲಿ ಬಂದ ಗೋ ಭಾಷೆಯವರು ಬರೆದದ್ದನ್ನೆಲ್ಲ ಒಂದೇ ಅಚ್ಚಿಗೆ ತರುವ ಸಾಧನವನ್ನೂ ಭಾಷೆಯ ಜೊತೆಗೇ ಕೊಟ್ಟು, ಈ ಜಗಳದ ಬೇರಿಗೇ ಬಿಸಿನೀರು ಹೊಯ್ದರು. ಅದು ಟ್ಯಾಬ್ ಪಕ್ಷ. ಸ್ಪೇಸ್ ಪಕ್ಷದವರು ಬಾಯಿ ಮುಚ್ಚಿಕೊಂಡು ಒಪ್ಪಬೇಕಾಯಿತು.

ಅವರ ಇನ್ನೊಂದು ವಾದ, ಕಡ ತರುವುದರ ಬಗ್ಗೆ. ಪರರು ಬರೆದಿಟ್ಟ ತುಣುಕುಗಳನ್ನು ತಂದು ನಮ್ಮ ಕೆಲಸಕ್ಕೆ ಜೋಡಿಸಿಕೊಳ್ಳಬೇಕೆ, ಎಲ್ಲವನ್ನೂ ನಾವೇ ಬರೆದುಕೊಳ್ಳಬೇಕೆ? ಲೆಫ್ಟ್-ಪ್ಯಾಡ್ ಎಂಬುದೊಂದು ತುಣುಕಿತ್ತು. ಹನ್ನೊಂದೇ ಸಾಲು, ಪದದ ಎಡಕ್ಕೆ ಬೇಕಾದಷ್ಟು ತೆರವು ತುಂಬುವುದಷ್ಟೇ ಅದರ ಕೆಲಸ. 2016ರ ಮಾರ್ಚ್ ತಿಂಗಳಲ್ಲಿ ಅದನ್ನು ಬರೆದವನು ಬೇರೊಂದು ತುಣುಕಿನ ಹೆಸರಿನ ವ್ಯಾಜ್ಯದಲ್ಲಿ ಮುನಿಸಿಕೊಂಡು, ತನ್ನ ಬರಹಗಳನ್ನೆಲ್ಲ ಸಾರ್ವಜನಿಕ ಭಂಡಾರದಿಂದ ಹಿಂದಕ್ಕೆ ತೆಗೆದುಕೊಂಡ. ನೋಡುವುದೇನು, ಲೋಕದ ನಾನಾ ಕಡೆ ದೊಡ್ಡ ದೊಡ್ಡ ಕೆಲಸಗಳು ಕೆಟ್ಟು ನಿಂತವು! ಭಂಡಾರದವರು ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ತಂದಿಟ್ಟರು. ಪಕ್ಕದ ಮನೆಯಿಂದ ದಿನವೂ ಹೆಪ್ಪು ತರುವವಳಿಗೆ ಆ ಮನೆಯವರು ಊರಿಗೆ ಹೋದ ದಿನ ಮೊಸರಿಲ್ಲ, ಇದೂ ಹಾಗೆಯೇ.

ಇಷ್ಟೆಲ್ಲ ಅಭಿಪ್ರಾಯಗಳ ನಡುವೆ ಒಂದು ವಿಷಯದ ಮೇಲೆ ಮಾತ್ರ ಯಾರಿಗೂ ಅಭಿಪ್ರಾಯವಿದ್ದಂತೆ ಕಾಣಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಕಷ್ಟದಿಂದ. ಆಕೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಅರ್ಜಿಯನ್ನು ಈಗ ಅಂತರಜಾಲದ ಪುಟದಲ್ಲಿ ತುಂಬಬೇಕು. ಅವಳ ಹೆಸರನ್ನು, ಲೆಕ್ಕ ಕೆಡದಂತೆ ಬದಲಿಸಿ, ‘ಲಕ್ಷ್ಮಿ ಕೃಷ್ಣಪ್ಪ’ ಎಂದಿಟ್ಟುಕೊಳ್ಳಿ. ಅಚ್ಚಾಗಿ ಬಂದ ಪ್ರತಿಯಲ್ಲಿ ‘ಲಕ್ಷ್ಮಿ ಕೃಷ್ಣಪ’ ಎಂದಿತ್ತು. ಅಂಕಪಟ್ಟಿಯ ಹುಡುಗಿಯೂ ಅರ್ಜಿಯ ಹುಡುಗಿಯೂ ಒಬ್ಬಳೇ ಎಂಬುದಕ್ಕೆ ಕಚೇರಿಯವರು ಅಫಿಡವಿಟ್ಟು ಕೇಳಿದರು. ಹಣ ಕೈಸೇರುವ ಹೊತ್ತಿಗೆ ಹಾಸ್ಟೆಲಿನ ಎರಡು ಕಂತುಗಳ ಗಡುವು ಕಳೆದಿತ್ತು. ಅದನ್ನು ಕಟ್ಟುವುದಕ್ಕೆ ಅವಳ ತಾಯಿಯ ಓಲೆ ಗಿರವಿ ಅಂಗಡಿ ಸೇರಿತ್ತು. “ಒಂದು ಒತ್ತು ಹೋದದ್ದಕ್ಕೆ ಓಲೆ ಒತ್ತೆ ಬಿತ್ತಲ್ಲ ಸಾರ್” ಎಂದು ಅವಳ ತಂದೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಅಣ್ಣನ ಮಗನ ಮುಂದೆ ಆ ಅರ್ಜಿಯನ್ನಿಟ್ಟೆ. ಅವನು ಕಾಗದ ತೆಗೆದು ಲೆಕ್ಕ ಹಾಕಿದ. ನಮ್ಮ ಎಣಿಕೆಯಲ್ಲಿ ಆ ಹೆಸರಿಗೆ ಐದೇ ಅಕ್ಷರ: ಲ, ಕ್ಷ್ಮಿ, ಕೃ, ಷ್ಣ, ಪ್ಪ. ಯಂತ್ರದ ಎಣಿಕೆ ಬೇರೆ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದಲ್ಲಿ ಒಂದೊಂದು ವ್ಯಂಜನವೂ, ಅವನ್ನು ಕೂಡಿಸುವ ಹಲಂತವೂ, ಮೇಲಿನ ಗುಡಿಸೂ ಬೇರೆ ಬೇರೆ ಚಿಹ್ನೆಗಳು. ‘ಕ್ಷ್ಮಿ’ ಒಂದಕ್ಕೇ ಆರು! ಲಕ್ಷ್ಮಿಗೆ ಏಳು, ಕೃಷ್ಣಪ್ಪನಿಗೆ ಎಂಟು. 1992ರಲ್ಲಿ ರೂಪುಗೊಂಡು ಇಂದು ಎಲ್ಲೆಲ್ಲೂ ನಡೆಯುತ್ತಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರ ಒಂದು ಮನೆ ಹಿಡಿದರೆ ಕನ್ನಡದ ಚಿಹ್ನೆ ಮೂರು ಮನೆ ಹಿಡಿಯುತ್ತದೆ. ಮನೆ ಎಂದರೆ ಅವರ ಭಾಷೆಯಲ್ಲಿ ಬೈಟು. ಹದಿನೈದು ಚಿಹ್ನೆಗೆ 45, ನಡುವಣ ತೆರವಿಗೆ 1, ಒಟ್ಟು 46. ಹೆಸರಿಗೆ ಮೀಸಲಾಗಿದ್ದುದು 40 ಇರಬೇಕು ಎಂದ. ಇಂಗ್ಲಿಷಿನಲ್ಲಿ ಅದೇ ಹೆಸರು 18 ಮನೆಗೆ ಮುಗಿದು, ಕಾಲು ಚಾಚಿ ಮಲಗುವಷ್ಟು ಜಾಗ ಉಳಿಯುತ್ತದೆ. ಕನ್ನಡದಲ್ಲಿ ಕೊನೆಯ ಹಲಂತಕ್ಕೂ ಪಕಾರಕ್ಕೂ ಜಾಗವಿಲ್ಲದೆ, ಅವೆರಡೂ ಸದ್ದಿಲ್ಲದೆ ಹೊರಬಿದ್ದವು.

ಆ ಪುಟವನ್ನು ಕಟ್ಟಿದವನು ಟ್ಯಾಬ್ ಪಕ್ಷವೋ ಸ್ಪೇಸ್ ಪಕ್ಷವೋ ನಾನರಿಯೆ. ಅವನ ಬರಹ ಓದುವುದಕ್ಕೆ ಬಹಳ ಅಚ್ಚುಕಟ್ಟಾಗಿಯೇ ಇದ್ದಿರಬಹುದು. ನಾಳೆ ತನ್ನ ಬರಹವನ್ನು ಓದುವ ಸಹೋದ್ಯೋಗಿಯನ್ನು ಅವನು ನೆನೆದಿರಲೂಬಹುದು. ಆದರೆ ಆ ಬರಹವನ್ನು ಎಂದೂ ಓದದೆ, ಅದರೊಳಗೆ ತನ್ನ ಹೆಸರನ್ನಷ್ಟೇ ಬರೆಯಬೇಕಾದ ಇನ್ನೊಬ್ಬಳಿದ್ದಾಳೆ. ಅವಳು ಅವನ ನೆನಪಿಗೆ ಬಂದಿರಲಿಲ್ಲ. ಪುಟ ಸರಿಯಾಗಿದೆಯೇ ಎಂದು ಪರೀಕ್ಷಿಸುವಾಗ ಈ ತರುಣರು ಹೆಸರಿನ ಜಾಗದಲ್ಲಿ ‘ಎಬಿಸಿ’ ಎಂದೋ ‘ಟೆಸ್ಟ್’ ಎಂದೋ ಹೊಡೆಯುತ್ತಾರಂತೆ. ಎಬಿಸಿ ಎಂಬ ಹೆಸರಿನವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಆದ್ದರಿಂದ ಈ ಕಸುಬಿನ ಬಗ್ಗೆ, ಕನ್ನಡ ಮೇಷ್ಟರಾದ ನನಗೂ ಈಗ ಒಂದು ಅಭಿಪ್ರಾಯವುಂಟು. ಪುಟವನ್ನು ಲೋಕಕ್ಕೆ ಬಿಡುವ ಮೊದಲು ಒತ್ತಕ್ಷರ ತುಂಬಿದ ಒಂದು ಕನ್ನಡ ಹೆಸರನ್ನು ಬರೆದು, ಅದು ಹೋದ ಹಾಗೆಯೇ ಹಿಂದಿರುಗಿ ಬರುತ್ತದೆಯೇ ಎಂದು ನೋಡಬೇಕು. ಅದಕ್ಕೆ ಅರ್ಧ ನಿಮಿಷ ಸಾಕು. ಅಣ್ಣನ ಮಗ ಈಗ ಹೊಸ ಪುಟ ಕಟ್ಟಿದಾಗಲೆಲ್ಲ ‘ಲಕ್ಷ್ಮಿ ಕೃಷ್ಣಪ್ಪ’ ಎಂದು ಬರೆದು ನೋಡುತ್ತಾನೆ. ಅವನ ಗೆಳೆಯರಲ್ಲಿಯೂ ಒಬ್ಬಿಬ್ಬರು ಕಲಿತಿದ್ದಾರೆ. ಅಷ್ಟು ಮಾಡಿದ ಮೇಲೆ ಟ್ಯಾಬೋ ಸ್ಪೇಸೋ, ಅವರವರ ಇಷ್ಟ.