ಮಾದಿಹಳ್ಳಿಯ ಆಯ್ಕೆ ಸಮಿತಿ

ಮಳೆ ಸುಳಿವೇ ಕೊಡದೆ ಬಂದಿದೆ. ಟೆನಿಸ್ ಬಾಲ್ ಮ್ಯಾಚಿನ ಸ್ಕೋರು ಪುಸ್ತಕವನ್ನು ಅಂಗಿಯೊಳಗೆ ತೂರಿಸಿಕೊಂಡು ನೀವು ಓಡಿಬಂದು ನಿಂತಿರುವುದು ಮಾದಿಹಳ್ಳಿಯ ರಸ್ತೆ ಬದಿಯ ಹೋಟೆಲಿನ ಶೀಟಿನ ಕೆಳಗೆ. ಎರಡೂ ಟೀಮಿನ ಹುಡುಗರು, ಅಂಪೈರು, ಹಳೇಬೀಡಿನ ಬಸ್ಸಿಗೆ ಕಾದಿದ್ದವರು, ಎಲ್ಲರೂ ಅಲ್ಲೇ. ಒದ್ದೆ ಬನಿಯನ್ನು, ಬೀಡಿ ಹೊಗೆ, ಬಾಣಲೆಯಲ್ಲಿ ಬೇಯುವ ಮೆಣಸಿನಕಾಯಿ ಬಜ್ಜಿ ಒಟ್ಟಿಗೇ ಮೂಗಿಗೆ ನುಗ್ಗುತ್ತವೆ. ತಗಡಿನ ಮೇಲಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿಲ್ಲ. ಕರೆಂಟು ಹೋಗಿದೆ.

"ಮೇಷ್ಟ್ರೆ, ಪೆನ್ನು ಐತಲ್ಲ, ಬರ್ಕೊಳಿ. ಆಲ್‌ಟೈಮ್ ಇಲೆವೆನ್. ಬ್ರಾಡ್ಮನ್, ಸೋಬರ್ಸ್..."

"ಬ್ರಾಡ್ಮನ್ ಯಾವತ್ತಾದ್ರೂ ಅರಸೀಕೆರೆ ಬಸ್ ಹತ್ತಿದ್ನೇನ್ಲಾ?" ಒಲೆಯ ಹಿಂದಿನಿಂದ ಹೋಟೆಲಿನ ಯಜಮಾನರು. "ನಮ್ಮೋರದ್ದು ಬರೀರಿ. ಮೈಸೂರಿಗೋ ಕರ್ನಾಟಕಕ್ಕೋ ಆಡಿರ್ಬೇಕು. ಟೆಸ್ಟ್ ಮ್ಯಾಚಿನ ಟೀಮು. ಬರೀ ನಂಬರ್ ಹೇಳಿದ್ರೆ ಒಪ್ಪಲ್ಲ, ಎದುರಿಗೆ ನಿಂತ್ಕೊಂಡು ಹೇಳ್ಬೇಕು."

ಸ್ಕೋರು ಪುಸ್ತಕದ ಕೊನೆಯ ಹಾಳೆ ತೆರೆಯುತ್ತೀರಿ. ಅಂಚು ಒದ್ದೆಯಾಗಿದೆ. ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕುತ್ತೀರಿ.

ಮೂರು ಮತ್ತು ನಾಲ್ಕಕ್ಕೆ ಯಾರೂ ಬಾಯಿ ತೆರೆಯುವುದಿಲ್ಲ. ದ್ರಾವಿಡ್, ವಿಶ್ವನಾಥ್. ಆದರೂ ಯಜಮಾನರ ಷರತ್ತು ಇದೆಯಲ್ಲ, ನಿಲ್ಲಿ. ಜನವರಿ 1975, ಚೆಪಾಕ್. ನೀವು ಇನ್ನೊಂದು ತುದಿಯಲ್ಲಿರುವ ಬಾಲಂಗೋಚಿ ಬ್ಯಾಟ್ಸ್‌ಮನ್. ಆ್ಯಂಡಿ ರಾಬರ್ಟ್ಸ್ ಓಡಿಬರುವಾಗ ನೆಲ ಅದುರುವುದು ಬೂಟಿನ ಅಡಿಯಲ್ಲೇ ತಿಳಿಯುತ್ತದೆ. ಚೆಂಡು ಎದೆಯ ಎತ್ತರಕ್ಕೆ ಏಳುತ್ತಿದೆ, ನಿಮ್ಮ ಬಾಯಿ ಒಣಗಿದೆ. ಎದುರಿಗೆ ಭದ್ರಾವತಿಯಲ್ಲಿ ಹುಟ್ಟಿದ ಆ ಕುಳ್ಳ ಮನುಷ್ಯ ಮಾತ್ರ ತುದಿಗಾಲಲ್ಲಿ ನಿಂತು ಅದನ್ನೇ ಸ್ಕ್ವೇರ್ ಕಟ್ ಮಾಡುತ್ತಾನೆ. ರಾಬರ್ಟ್ಸ್ ಏಳು ವಿಕೆಟ್ ಕೀಳುತ್ತಾರೆ. ತಂಡ 190ಕ್ಕೆ ಮುಗಿದಾಗ ವಿಶ್ವನಾಥ್ 97, ಔಟಾಗದೆ. ಇನ್ನು ಮೂರು ರನ್ನಿಗೆ ಜೊತೆ ಕೊಡಲಾಗದವರು ನೀವೇ. ಭಾರತ ಆ ಟೆಸ್ಟ್ ಗೆಲ್ಲುತ್ತದೆ. ಪೆನ್ನು ಒತ್ತಿ ಬರೆಯಿರಿ.

ಆರಂಭಕ್ಕೆ ರಾಹುಲ್, ಮಯಾಂಕ್. ಐದಕ್ಕೆ ಕರುಣ್ ನಾಯರ್: 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ರಾಹುಲ್ 199ಕ್ಕೆ ಔಟಾಗಿ ತಲೆ ತಗ್ಗಿಸಿ ಹೋದ ಇನಿಂಗ್ಸಿನಲ್ಲೇ ಕರುಣ್ ಅಜೇಯ 303. ಬ್ರಿಜೇಶ್ ಪಟೇಲ್ ಹೆಸರನ್ನು ಯಾರೋ ಕೂಗುತ್ತಾರೆ, ಮಳೆ ಆ ಕೂಗನ್ನು ನುಂಗುತ್ತದೆ. ನ್ಯಾಯವಲ್ಲ, ಗೊತ್ತು. ಆದರೆ ಜಗಳಕ್ಕೆ ಶಕ್ತಿ ಉಳಿಸಿಕೊಳ್ಳಬೇಕು.

ಆರು, ವಿಕೆಟ್ ಕೀಪರ್. ಅಂಪೈರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಮೂಲ್ಕಿಯ ಬುಧಿ ಕುಂದರನ್. 1964ರಲ್ಲಿ ಮದ್ರಾಸಲ್ಲಿ ಇಂಗ್ಲೆಂಡ್ ಮೇಲೆ ಓಪನಿಂಗ್ ಇಳಿದು 192. ಅವರನ್ನ ಹಾಕಿದ್ರೆ ಒಂದು ಜಾಗ ಉಳೀತದೆ ಮೇಷ್ಟ್ರೆ."

ಪೆನ್ನು ಹಾಳೆಯ ಮೇಲೆ ತೂಗುತ್ತದೆ. ಉಳಿದ ಜಾಗದ ಆಸೆ ಸಣ್ಣದಲ್ಲ. ಆಗ ಯಜಮಾನರು ಕೇಳುತ್ತಾರೆ, "ಚಂದ್ರನ ಬೌಲಿಂಗಿಗೆ ಕೀಪಿಂಗ್ ಯಾರ್ ಮಾಡ್ತಾರೆ?"

ಮೊದಲು ಬ್ಯಾಟು ಹಿಡಿದು ನಿಲ್ಲಿ. ಆಗಸ್ಟ್ 1971, ಓವಲ್. ಬಾಲ್ಯದಲ್ಲಿ ಪೋಲಿಯೋ ಬಡಿದ ತೆಳ್ಳನೆಯ ಬಲಗೈ, ಉದ್ದ ತೋಳಿನ ಅಂಗಿ, ಗುಂಡಿ ಬಿಗಿದ ಮಣಿಕಟ್ಟು. ಆ ಕೈ ಚಾವಟಿ ಬೀಸಿದ ಹಾಗೆ ತಿರುಗುತ್ತದೆ. ನೀವು ಜಾನ್ ಎಡ್ರಿಚ್. ಬ್ಯಾಟು ಎತ್ತಿದ್ದೀರಿ. ಇಳಿಸಬೇಕು. ಇಳಿಯುವ ಮೊದಲೇ ಹಿಂದೆ ಸದ್ದು. ಸೊನ್ನೆ. ಸ್ಪಿನ್ನರೊಬ್ಬ ಹಾಕಿದ ಚೆಂಡಿನ ವೇಗಕ್ಕೆ ನೀವು ಬೌಲ್ಡ್. ಚಂದ್ರಶೇಖರ್ 38 ರನ್ನಿಗೆ ಆರು, ಇಂಗ್ಲೆಂಡ್ 101ಕ್ಕೆ ಸರ್ವಪತನ, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು.

ಈಗ ಅದೇ ಕೈಗೆ ವಿಕೆಟ್ ಹಿಂದೆ ಕೂತುಕೊಳ್ಳಿ. ಬ್ಯಾಟ್ಸ್‌ಮನ್ ದೇಹ ಅಡ್ಡ ಇದೆ. ಚೆಂಡು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಕಾಣದು. ತೊಡೆ ನಡುಗುತ್ತದೆ, ಬೆರಳ ತುದಿ ಆಗಲೇ ನೋಯುತ್ತಿದೆ. ಹೀಗೆ ಕೂತು 88 ಟೆಸ್ಟ್‌ಗಳಲ್ಲಿ 198 ಬಲಿ ಪಡೆದವರು ಕಿರ್ಮಾನಿ. 1983ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ 175 ಹೊಡೆದಾಗ ಇನ್ನೊಂದು ತುದಿಯಲ್ಲಿ ಅಲುಗಾಡದೆ ನಿಂತವರೂ ಅವರೇ. ಕುಂದರನ್ ಹೆಸರು ಬರೆಯದೆ ಕೈ ಮುಂದೆ ಸರಿಯುತ್ತದೆ. ಅಂಪೈರು ಮಳೆಯ ಕಡೆ ಮುಖ ತಿರುಗಿಸುತ್ತಾರೆ.

ಏಳು, ಕುಂಬ್ಳೆ. ಹನ್ನೊಂದು, ಚಂದ್ರ. ರನ್ನಿಗಿಂತ ವಿಕೆಟ್ಟೇ ಹೆಚ್ಚು ಇರುವ ಮನುಷ್ಯನಿಗೆ ಬೇರೆ ಜಾಗವಿಲ್ಲ. ಉಳಿದದ್ದು ಮೂರು ಗೆರೆ.

"ಜಾವಗಲ್!" ಅನ್ನುತ್ತಾರೆ ಹುಡುಗರು ಒಟ್ಟಿಗೆ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಆದರೆ ಮನೆತನದ ಊರು ಪಕ್ಕದ ಅರಸೀಕೆರೆ ತಾಲ್ಲೂಕಿನ ಜಾವಗಲ್. ಇಲ್ಲಿ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಫೆಬ್ರವರಿ 7, 1999, ಕೋಟ್ಲಾ. ಚೆಂಡು ನಿಮ್ಮ ಕೈಯಲ್ಲಿದೆ, ನೀವೇ ಶ್ರೀನಾಥ್. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿವೆ, ಒಂಬತ್ತೂ ಕುಂಬ್ಳೆಯವು. ಹತ್ತು ವರ್ಷ ಸ್ಟಂಪಿನತ್ತ ಎಸೆದು ಪಳಗಿದ ಭುಜ ಈಗ ಸ್ಟಂಪು ಬಿಟ್ಟು ಎಸೆಯಬೇಕು. ಬ್ಯಾಟಿನ ಅಂಚು ತಾಗಿದರೆ? ಎಡವಟ್ಟಾಗಿ ಬೌಲ್ಡ್ ಆದರೆ? ಬೆವರು ಕಣ್ಣಿಗಿಳಿಯುತ್ತದೆ. ಆಫ್ ಸ್ಟಂಪಿನಿಂದ ಆಚೆಗೆ ಹಾಕುತ್ತೀರಿ. ಇನ್ನೂ ಆಚೆಗೆ. ಓವರು ಮುಗಿಯುತ್ತದೆ. ಕುಂಬ್ಳೆ ಬರುತ್ತಾರೆ, ವಾಸಿಂ ಅಕ್ರಂ, ಶಾರ್ಟ್ ಲೆಗ್ಗಿನಲ್ಲಿ ಲಕ್ಷ್ಮಣ್, ಕ್ಯಾಚ್! 74ಕ್ಕೆ ಹತ್ತು. ಅದೇ ತಿಂಗಳು ಈಡನ್ ಗಾರ್ಡನ್ಸ್‌ನಲ್ಲಿ ಶ್ರೀನಾಥ್ ಒಂದೇ ಟೆಸ್ಟಿನಲ್ಲಿ ಹದಿಮೂರು ವಿಕೆಟ್ ಕೀಳುತ್ತಾರೆ, ಭಾರತ ಸೋಲುತ್ತದೆ. ಎಂಟನೇ ಗೆರೆ ಅವರದು.

"ಅಂಗಾದ್ರೆ ಜಾನ್ಸನ್?" ಮೂಲೆಯಿಂದ ಒಂದು ದನಿ. ಸದ್ದು ಇಳಿಯುತ್ತದೆ.

ಡೇವಿಡ್ ಜಾನ್ಸನ್ ಅರಸೀಕೆರೆಯಲ್ಲಿ ಹುಟ್ಟಿದವರು. 1996ರ ಅಕ್ಟೋಬರಿನಲ್ಲಿ ಶ್ರೀನಾಥ್ ಗಾಯಗೊಂಡಾಗ ದೆಹಲಿಯಲ್ಲಿ ಆಸ್ಟ್ರೇಲಿಯಾ ಎದುರು ಅವಕಾಶ. ನೀವು ಮೈಕೆಲ್ ಸ್ಲೇಟರ್. ಸ್ಕ್ರೀನಿನ ಮುಂದಿನಿಂದ ಪೂರ್ತಿ ಮೈ ಎಸೆದು ಬರುತ್ತಿರುವ ಹೊಸ ಹುಡುಗ. ಬ್ಯಾಟಿನ ಅಂಚು, ಸ್ಲಿಪ್ಪಿನಲ್ಲಿ ಅಜರುದ್ದೀನ್, ಮುಗಿಯಿತು. ಅದಾದ ಮೇಲೆ ಡರ್ಬನ್ನಿನಲ್ಲಿ ಇನ್ನೊಂದು ಟೆಸ್ಟ್, ಅಷ್ಟೇ. ಎರಡು ಟೆಸ್ಟ್, ಮೂರು ವಿಕೆಟ್. 2024ರ ಜೂನಿನಲ್ಲಿ ಅವರು ತೀರಿಕೊಂಡರು. ಮೂಲೆಯ ದನಿ ಮತ್ತೆ ಕೇಳುವುದಿಲ್ಲ. ಎಲ್ಲರೂ ನಿಮ್ಮ ಕೈ ನೋಡುತ್ತಿದ್ದಾರೆ. ತಲೆ ಅಡ್ಡ ಆಡಿಸುತ್ತೀರಿ. ಎದೆಯೊಳಗೆ ಏನೋ ಚುಚ್ಚುತ್ತದೆ. ಊರಿನ ಅಭಿಮಾನಕ್ಕೆ ಜಾಗ ಕೊಟ್ಟರೆ ಇದು ಜಾತ್ರೆಯ ಪಟ್ಟಿ ಆಗುತ್ತದೆ, ತಂಡ ಆಗುವುದಿಲ್ಲ.

ಒಂಬತ್ತು, ಹತ್ತು. ಮೂರು ಹೆಸರು: ಪ್ರಸನ್ನ, ವೆಂಕಟೇಶ್ ಪ್ರಸಾದ್, ರೋಜರ್ ಬಿನ್ನಿ.

"ಮೂರ್ ಮೂರ್ ಸ್ಪಿನ್ನರ್ ಯಾಕಣ್ಣ? ಪ್ರಸನ್ನ ಬಿಡಿ."

ಯಜಮಾನರು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟುತ್ತಾರೆ. ಮಾರ್ಚ್ 1974, ಬೆಂಗಳೂರು. ಬಾಂಬೆ ಸತತ ಹದಿನೈದು ವರ್ಷ ರಣಜಿ ಗೆದ್ದಿದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ವರ್ಷ ಕೂಡ ಆಗಿಲ್ಲ. ಸೆಮಿಫೈನಲ್. ನೀವು ಗವಾಸ್ಕರ್. ಓದಿಗೆಂದು ಐದು ವರ್ಷ ಟೆಸ್ಟ್ ಬಿಟ್ಟು ಎಂಜಿನಿಯರ್ ಆಗಿ ಬಂದ ದುಂಡು ಮೈಯ ಮನುಷ್ಯ ಚೆಂಡನ್ನು ಮೇಲಕ್ಕೆ ತೇಲಿಸುತ್ತಾನೆ. ಬಾ ಅನ್ನುತ್ತದೆ ಚೆಂಡು. ಮುಂದೆ ಹೋಗಲೋ, ನಿಲ್ಲಲೋ? ಕಾಲು ಮುಂದೆ ಇಟ್ಟಾಗಿದೆ. ಚೆಂಡು ಇನ್ನೂ ಬಂದಿಲ್ಲ. ಬಂತು. ಬೌಲ್ಡ್. ಬಾಂಬೆಯ ಹದಿನೈದು ವರ್ಷದ ಆಳ್ವಿಕೆ ಆ ಪಂದ್ಯದಲ್ಲಿ ಮುರಿಯುತ್ತದೆ, ಕರ್ನಾಟಕ ಆ ಸಲ ಮೊದಲ ಬಾರಿಗೆ ರಣಜಿ ಗೆಲ್ಲುತ್ತದೆ. ಪ್ರಸನ್ನರನ್ನು ಬಿಡಿ ಅಂದ ಹುಡುಗ ಈಗ ಬಜ್ಜಿ ತಿನ್ನುವುದರಲ್ಲಿ ಮಗ್ನ.

ಹತ್ತನೇ ಅಂಕಿಯ ಮುಂದಿನ ಗೆರೆ ಒಂದೇ ಖಾಲಿ. ಮಳೆ ತೆಳುವಾಗಿದೆ. ದೂರದಲ್ಲಿ ಬಸ್ಸಿನ ಹಾರನ್ನು. ಬೇಗ! 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ಬಿನ್ನಿ, ಬ್ಯಾಟೂ ಹಿಡಿಯುತ್ತಾರೆ. ಪ್ರಸಾದ್? 1996, ಡರ್ಬನ್, ಭಾರತ 100 ಮತ್ತು 66ಕ್ಕೆ ಕುಸಿದ ಟೆಸ್ಟಿನಲ್ಲಿ ಒಬ್ಬರೇ ಹತ್ತು ವಿಕೆಟ್. 1999, ಚೆನ್ನೈ, ಪಾಕಿಸ್ತಾನದ ಎದುರು 33ಕ್ಕೆ ಆರು. ನಿಲ್ಲಿ ಎದುರಿಗೆ. ಚೆಂಡು ನೇರ ಬರುತ್ತಿದೆ ಅಂದುಕೊಂಡಿದ್ದೀರಿ, ನೆಲಕ್ಕೆ ತಾಗಿ ಆಚೆ ಸರಿಯುತ್ತದೆ, ಬ್ಯಾಟು ಹಿಂಬಾಲಿಸುತ್ತದೆ, ತಡೆಯಲಾಗುವುದಿಲ್ಲ. ಬಸ್ಸು ಬಂದು ನಿಂತಿತು. ಕಂಡಕ್ಟರು ಸೀಟಿ ಊದುತ್ತಿದ್ದಾರೆ. "ಬರೀರಿ ಮೇಷ್ಟ್ರೆ!"

ಬರೆಯುತ್ತೀರಿ: ಪ್ರಸಾದ್.

ರಾಹುಲ್, ಮಯಾಂಕ್, ದ್ರಾವಿಡ್, ವಿಶ್ವನಾಥ್, ಕರುಣ್, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ಪ್ರಸನ್ನ, ಪ್ರಸಾದ್, ಚಂದ್ರಶೇಖರ್. ಹನ್ನೆರಡನೆಯವರು ಬಿನ್ನಿ. ಬಿನ್ನಿ ಒಳಗೆ ಬರಲೇಬೇಕು ಅನ್ನುವವರು ಕರುಣ್ ಹೆಸರು ಹೊಡೆದುಹಾಕಿ ನೋಡಿ, ಮಾತಾಡೋಣ. ಪ್ರಸನ್ನರನ್ನು ಮಾತ್ರ ಮುಟ್ಟಬೇಡಿ.