ಕಡಲಂಚಿನ ದಾರಿ, ಹಿಂದಿನ ಗಾಲಿ



ಮುಂಬಯಿಯಿಂದ ಕಾರವಾರಕ್ಕೆ ದಾರಿಗಳು ಮೂರು. ನಿಮ್ಮ ಹಿರಿಯರಲ್ಲಿ ಹಲವರು ಓಡಾಡಿದ್ದು ಹೆದ್ದಾರಿಯಲ್ಲಿ, ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕುತ್ತ. 1998ರಲ್ಲಿ ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ ಮೇಲೆ ನಿಮಗೆ ಸುರಂಗಗಳ ದಾರಿ ರೂಢಿಯಾಯಿತು. ಮೂರನೆಯದು ಕಡಲಂಚಿನ ದಾರಿ. ಅದಕ್ಕೆ ಟಿಕೇಟು ಬೇಡ. ಸೈಕಲ್ಲು ಬೇಕು, ಎರಡು ವಾರ ಬಿಡುವು ಬೇಕು. ಮಳೆಗಾಲ ಕಳೆದು ಡಿಸೆಂಬರ್ ಬಂದರೆ ಹೊರಡಬಹುದು.

ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ರೋ-ರೋ ಹಡಗು ಇದೆ. ಸೈಕಲ್ಲನ್ನು ನೂಕಿಕೊಂಡೇ ಹತ್ತಬಹುದು. ಅಲ್ಲಿಂದ ಅಲಿಬಾಗ, ಮುರುಡ. ಆಗರದಾಂಡಾದಲ್ಲಿ ಖಾರಿ ದಾಟಿದರೆ ದಿಘಿ. ಮುಂದೆ ಬಾಗಮಾಂಡಲಾದಲ್ಲಿ ಸಾವಿತ್ರಿ, ದಾಭೋಳದಲ್ಲಿ ವಾಶಿಷ್ಠಿ, ತವಸಾಳದಲ್ಲಿ ಶಾಸ್ತ್ರಿ ನದಿ ಅಡ್ಡ ಬರುತ್ತವೆ. ಈ ಎಲ್ಲ ಕಡೆ ಫೆರಿ ಬೋಟುಗಳುಂಟು. ಪ್ರತಿ ನದಿಗೂ ಇಳಿಯಬೇಕು, ದಾಟಿದ ಮೇಲೆ ಕೆಂಪು ಮುರಕಲ್ಲಿನ ಗುಡ್ಡ ಹತ್ತಬೇಕು. ಆದ್ದರಿಂದಲೇ ಗೇರುಗಳಿರುವ, ದಪ್ಪ ಟಯರಿನ ಮೌಂಟನ್ ಬೈಕು ಇಲ್ಲಿಗೆ ವಾಸಿ.

ಏರು ಕಾಲಿಗೆ ಕಷ್ಟ ಕೊಟ್ಟರೆ, ಉಪ್ಪು ಗಾಲಿಗೆ ಕಷ್ಟ ಕೊಡುತ್ತದೆ. ಹರ್ಣೆಯಲ್ಲಿ ಮೀನಿನ ಹರಾಜು ನಡೆಯುವುದು ಮರಳಿನ ಮೇಲೆಯೇ. ನೋಡದೆ ಮುಂದೆ ಹೋಗಲು ಮನಸ್ಸಾಗದು. ಸೈಕಲ್ಲನ್ನು ನೂಕಿಕೊಂಡು ಅಲೆಯ ಅಂಚಿನವರೆಗೂ ಹೋಗುತ್ತೀರಿ. ಉಪ್ಪುನೀರು, ನುಣ್ಣನೆಯ ಮರಳು ಹಿಂದಿನ ಹಬ್ಬಿನ ಸೀಲಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಸಂಜೆ ಗ್ಯಾರೇಜಿನ ಪಂಪಿನಿಂದ ಹಬ್ಬಿಗೇ ನೀರು ಹಿಡಿದರೆ ಇನ್ನಷ್ಟು ಒಳಗೆ ಹೋಗುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಗ್ರೀಸು ತೊಳೆದುಹೋದ ಬೇರಿಂಗ್ ತುಕ್ಕು ಹಿಡಿದು ಬಿಗಿಯುತ್ತದೆ. ದಿನಕ್ಕೊಮ್ಮೆ ಹಿಂದಿನ ಗಾಲಿ ಎತ್ತಿ, ಚೌಕಟ್ಟಿನ ಮೇಲೆ ಕೈಯಿಟ್ಟು ತಿರುಗಿಸಿ. ರಾಗಿ ಬೀಸಿದಂತೆ ಗರಗರ ಎನ್ನುತ್ತದೆಯೇ? ಪಕ್ಕಕ್ಕೆ ಅಲುಗುತ್ತದೆಯೇ? ತುಳಿಯುವುದನ್ನು ನಿಲ್ಲಿಸಿದರೂ ಪೆಡಲು ತಾನೇ ತಿರುಗುತ್ತ, ಚೈನು ಮೇಲ್ಗಡೆ ಜೋಲುತ್ತದೆಯೇ? ಹಾಗಿದ್ದರೆ ಮುಂದಿನ ಘಾಟಿಯನ್ನು ಇಳಿಯಬೇಡಿ. ಬಿಗಿದ ಬೇರಿಂಗ್ ಒಳಗಿನ ಅಚ್ಚನ್ನು ಸವೆಸುತ್ತದೆ, ಇಲ್ಲವೆ ಹೊರಗಿನ ಹಬ್ಬನ್ನೇ ತಿನ್ನುತ್ತದೆ. ಆಮೇಲೆ ಸಣ್ಣ ಬೇರಿಂಗಿನ ಖರ್ಚು ಇಡೀ ಗಾಲಿಯ ಖರ್ಚಾಗುತ್ತದೆ.

ಗುಹಾಗರದಂತಹ ಊರಿನ ಸೈಕಲ್ ಅಂಗಡಿಯವರು ಕೈಚಳಕದವರೇ. ಹಳೆಯ ಕರಿ ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿ ಕಾಲಂಗುಲದ ಉಕ್ಕಿನ ಗುಂಡುಗಳು ಪಕ್ಕಕ್ಕೆ ಒಂಬತ್ತರಂತೆ ಕೂತಿರುತ್ತವೆ. ಅವನ್ನು ಛರ್ರೆ ಎನ್ನುತ್ತಾರೆ. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಕೋನು ಬಿಗಿದರೆ ಮುಗಿಯಿತು. ಕೆಲವು ಮೌಂಟನ್ ಬೈಕುಗಳಲ್ಲೂ ಇದೇ ಏರ್ಪಾಡು. ನಿಮ್ಮದರಲ್ಲಿ ಸೀಲ್ ಮಾಡಿದ ಬೇರಿಂಗ್ ಇದ್ದರೆ ಅವರ ಡಬ್ಬದಲ್ಲಿ ಅದು ಸಿಗಲಿಕ್ಕಿಲ್ಲ. ಆಗ ಬೇರಿಂಗಿನ ಸೀಲಿನ ಮೇಲಿನ ಅಂಕೆ ಓದಿ. 6001 ಎಂದರೆ ಒಳವ್ಯಾಸ 12, ಹೊರವ್ಯಾಸ 28, ದಪ್ಪ 8 ಮಿಲಿಮೀಟರು. ಜೊತೆಗೆ 2ಆರ್‌ಎಸ್ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲು. ಯಾವ ದೇಶದ ಹಬ್ಬಾದರೂ ಈ ಅಂಕೆಗೆ ಅಳತೆ ಒಂದೇ. 6000, 6001 ಸಣ್ಣ ಮೋಟಾರುಗಳಿಗೂ ಬೇಕಾಗುವುದರಿಂದ ಚಿಪಳೂಣ, ರತ್ನಾಗಿರಿಯಂತಹ ಪೇಟೆಗಳಲ್ಲಿ ಬೇರಿಂಗ್ ಅಂಗಡಿಯನ್ನೋ ಮೋಟಾರು ರಿಪೇರಿಯವರನ್ನೋ ಕೇಳಿ ನೋಡಿ. 6902ರಂಥ ತೆಳ್ಳನೆಯವು ಸಿಗುವುದು ಕಷ್ಟ. ಹೊರಡುವ ಮೊದಲೇ ನಾಗದೇವಿ ಸ್ಟ್ರೀಟಿನಲ್ಲಿ ಕೊಂಡು ಜೇಬಿಗೆ ಹಾಕಿಕೊಳ್ಳಿ. ಹಬ್ಬಿನಲ್ಲಿ ಎರಡು, ಗೇರು ಕೂರುವ ಫ್ರೀಹಬ್ಬಿನಲ್ಲಿ ಸಾಮಾನ್ಯವಾಗಿ ಇನ್ನೆರಡು ಇರುತ್ತವೆ. ಅವುಗಳ ಅಂಕೆ ಬೇರೆ ಬೇರೆ ಇರಬಹುದು.

ಇನ್ನು ಕೆಲಸ. ಗಾಲಿ ಬಿಚ್ಚಿ, ಎರಡೂ ತುದಿಯ ಮುಚ್ಚಳ, ಗೇರುಗಳು, ಫ್ರೀಹಬ್ಬು ತೆಗೆಯಿರಿ. ಬಿಚ್ಚುವ ಕ್ರಮ ಹಬ್ಬಿನಿಂದ ಹಬ್ಬಿಗೆ ಬೇರೆಯಾದ್ದರಿಂದ ನಿಮ್ಮದನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ಜೋಡಿಸಿ ನೋಡಿರಬೇಕು. ಮರದ ತುಂಡಿಟ್ಟು ಅಚ್ಚನ್ನು ಮೆಲ್ಲಗೆ ಬಡಿದು ಹೊರಡಿಸಿ. ಆಮೇಲೆ ಎದುರು ಬದಿಯಿಂದ ಕಬ್ಬಿಣದ ಕಡ್ಡಿ ತೂರಿಸಿ, ಬೇರಿಂಗಿನ ಒಳಬಳೆಯ ಸುತ್ತ ಸ್ವಲ್ಪ ಸ್ವಲ್ಪವೇ ಬಡಿಯಿರಿ. ಕದಲದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ. ಹಬ್ಬಿನ ಹೊರಮೈಗೆ ಬಿಸಿನೀರು ಸುರಿಯುವುದೂ ಉಂಟು: ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ.

ಹೊಸದನ್ನು ಕೂರಿಸುವಾಗ ಸುತ್ತಿಗೆ ದೂರವಿರಲಿ. ಗೂಡನ್ನು ಒರೆಸಿ ತೆಳ್ಳಗೆ ಗ್ರೀಸು ಸವರಿ. ಮರೆ ಕೊರೆದ ಉದ್ದನೆಯ ಸರಳು, ಎರಡು ನಟ್ಟು, ದಪ್ಪ ವಾಷರುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಹೊಸದರ ಮೇಲೆ ಹಳೆಯ ಬೇರಿಂಗನ್ನೇ ಅಡ್ಡವಿಟ್ಟು, ನಟ್ಟು ಬಿಗಿಯುತ್ತ ನೇರವಾಗಿ ಒತ್ತಿರಿ. ಒತ್ತಡ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಯನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಅವು ಓಡುವ ಹಾದಿ ತಗ್ಗಾಗುತ್ತದೆ, ಹೊಸ ಬೇರಿಂಗ್ ಅಲ್ಲೇ ಹಾಳಾಗುತ್ತದೆ.

ಇಷ್ಟಕ್ಕೆ ಒಂದು ದಿನ ಹೋದೀತು. ಹೋಗಲಿ. ನಿಮ್ಮ ಮರಾಠಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂಗಡಿಯ ಬೆಂಚಿನ ಮೇಲೆ ಕೂತವರು ಮುಂದಿನ ಫೆರಿ ಎಷ್ಟು ಹೊತ್ತಿಗೆ, ಯಾವ ಮನೆಯಲ್ಲಿ ಊಟ ಸಿಗುತ್ತದೆ ಎಂದೆಲ್ಲ ಹೇಳುತ್ತಾರೆ. ಕಾರಿನಲ್ಲಿ ಹಾದುಹೋದವರಿಗೆ ಆ ಬೆಂಚು ಕಾಣುವುದಿಲ್ಲ.

ನಮ್ಮ ಅಜ್ಜಂದಿರ ಎತ್ತಿನ ಗಾಡಿಗೂ ಅಚ್ಚು ಇತ್ತು, ಕಡಾಣಿ ಇತ್ತು. ಅಚ್ಚಿಗೆ ಕೀಲೆಣ್ಣೆ ಹಾಕದೆ ಜಾತ್ರೆಗೆ ಹೊರಡುವ ಪದ್ಧತಿ ಇರಲಿಲ್ಲ. ಈ ಮಾತುಗಳು ಮುಂಬಯಿಯ ಮನೆಗಳಲ್ಲಿ ಈಗ ಕೇಳಿಸುವುದು ಅಪರೂಪ. ಗ್ರೀಸು ಮೆತ್ತಿದ ಕೈಗೆ ಅವುಗಳ ಅರ್ಥ ನಿಘಂಟಿಲ್ಲದೆ ಸಿಗುತ್ತದೆ.

ಮಾಲವಣ, ವೆಂಗುರ್ಲಾ, ಗೋವಾ ಹಿಂದೆ ಬಿದ್ದ ಮೇಲೆ ಬರುವುದು ಮಾಜಾಳಿ. ಕನ್ನಡದ ಫಲಕಗಳು ಕಾಣತೊಡಗುತ್ತವೆ. ಸದಾಶಿವಗಡ ದಾಟಿದರೆ ಕಾಳಿ ನದಿ. ಇಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಪಕ್ಕದ ಹೊಸ ಸೇತುವೆಯ ಮೇಲೆ ಹೋಗಿ. ನಡುವೆ ಒಂದು ಗಳಿಗೆ ತುಳಿಯುವುದನ್ನು ನಿಲ್ಲಿಸಿ ಕಿವಿಗೊಡಿ. ಹಿಂದಿನ ಗಾಲಿ ಟಿಕಟಿಕ ಎನ್ನುತ್ತ ಸಲೀಸಾಗಿ ಉರುಳುತ್ತಿದ್ದರೆ, ಆಚೆ ದಡದ ಕಾರವಾರಕ್ಕೆ ನೀವು ನಿಮ್ಮ ಕೈಯಾರೆ ಬಂದಿರಿ ಎಂದೇ ಅರ್ಥ.