ಲೆಕ್ಕದ ಪುಸ್ತಕ, ಭಾಗ 4: 5.40 ಲಕ್ಷದ ಗಾಡಿಯ ನಿಜವಾದ ರೇಟು

ಈ ತಿಂಗಳು ಮೂರು ಜನ ಮೆಸೇಜ್ ಮಾಡಿದ್ದೀರಾ. ಮೂರೂ ಒಂದೇ ಥರ: "ಮಚ್ಚಾ, ಐದು ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಸಿಗ್ತಿದೆ, ಅಪ್ಪನಿಗೆ ಹೇಳ್ಲಾ?" ಬೇರೆ ಬೇರೆ ಉತ್ತರ ಕೊಡೋ ಬದಲು ಇಲ್ಲೇ ಬರೀತಿದೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಫಸ್ಟ್ ಸೆಮ್ ಅಕೌಂಟ್ಸ್ ಪ್ರಾಬ್ಲಮ್ ನೆನಪಿದೆಯಾ? ಹಳೇ ಮೆಷಿನ್ ಕೊಂಡು, ಓಡೋ ಸ್ಥಿತಿಗೆ ತರೋಕೆ ರಿಪೇರಿ ಮಾಡಿಸಿದ್ರೆ ಆ ಖರ್ಚನ್ನ ಯಾವ ಅಕೌಂಟ್‌ಗೆ ಡೆಬಿಟ್ ಮಾಡ್ಬೇಕು? ರಿಪೇರಿ ಅಕೌಂಟ್‌ಗೆ ಬರೆದವರಿಗೆಲ್ಲ ಮಾರ್ಕ್ಸ್ ಹೋಗಿತ್ತು. ಅದು ಮೆಷಿನರಿ ಅಕೌಂಟ್‌ಗೆ ಹೋಗ್ಬೇಕು. ಯಾಕಂದ್ರೆ ಅದು ಮೆಷಿನ್ನಿನ ಬೆಲೆಯ ಒಂದು ಭಾಗ. ಹಳೇ ಕಾರಿನ ವಿಷಯದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ.

ನಮ್ಮ ಮನೆಗೆ 2023ರಲ್ಲಿ ಬಂದಿದ್ದು 2017ರ ಮಾಡೆಲ್, 1.5 ಲೀಟರ್ ಡೀಸೆಲ್, 82,000 ಕಿ.ಮೀ. ಓಡಿದ್ದು. ಬ್ರ್ಯಾಂಡ್ ಹೆಸರು ಬೇಡ, ಈ ಕಥೆ ಎಲ್ಲ ಬ್ರ್ಯಾಂಡಿಗೂ ಒಂದೇ. ಕೊಟ್ಟಿದ್ದು 5,40,000. ಮೊದಲ ಎರಡು ತಿಂಗಳಲ್ಲಿ ನಾನು ಬರೆದಿಟ್ಟ ಪುಟ ಇದು:

ಆರ್‌ಸಿ ಟ್ರಾನ್ಸ್‌ಫರ್, ಓಡಾಟ: 4,500
ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್: 21,500
ಮುಂದಿನ ಲೋಯರ್ ಆರ್ಮ್, ಲಿಂಕ್ ರಾಡ್: 14,200
ನಾಲ್ಕು ಟೈರ್: 30,400
ಬ್ಯಾಟರಿ: 6,800

ಒಟ್ಟು 77,400. ಅಂದ್ರೆ ಗಾಡಿಯ ರೇಟು 5,40,000 ಅಲ್ಲ, 6,17,400.

ಈಗ ಒಂದೊಂದಾಗಿ ನೋಡೋಣ, ಯಾಕಂದ್ರೆ ನಿಮಗೂ ಬರೋದು ಇವೇ.

ಟೈಮಿಂಗ್ ಬೆಲ್ಟ್. ಇಂಜಿನ್ ಒಳಗೆ ಪಿಸ್ಟನ್ ಮತ್ತು ವಾಲ್ವ್ ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ರಬ್ಬರ್ ಬೆಲ್ಟ್. ಇದು ಸವೆಯೋದು ಹೊರಗೆ ಕಾಣಲ್ಲ, ಮುಂಚೆ ಶಬ್ದಾನೂ ಮಾಡದೆ ಹೋಗಬಹುದು. ಓಡ್ತಿರುವಾಗ ತುಂಡಾದ್ರೆ ಪಿಸ್ಟನ್ ವಾಲ್ವ್‌ಗೆ ಹೊಡೆದು ಇಂಜಿನ್ನೇ ಬಿಚ್ಚಬೇಕಾಗುತ್ತೆ. ಎಲ್ಲ ಗಾಡಿಗೂ ಬೆಲ್ಟ್ ಇರಲ್ಲ. ರೆನೋ ಡಸ್ಟರ್ ಮತ್ತು ಫೋರ್ಡ್ ಇಕೋಸ್ಪೋರ್ಟ್‌ನ 1.5 ಡೀಸೆಲ್‌ನಲ್ಲಿ ಬೆಲ್ಟ್, ಮಾರುತಿ ವಿಟಾರಾ ಬ್ರೆಜಾದ 1.3 ಡೀಸೆಲ್‌ನಲ್ಲಿ ಚೈನ್. ನೀವು ನೋಡ್ತಿರೋ ಗಾಡಿಯಲ್ಲಿ ಯಾವುದು ಅಂತ ಮೊದಲು ತಿಳ್ಕೊಳ್ಳಿ. ಬೆಲ್ಟ್ ಆದ್ರೆ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಾನೇ ಲೆಕ್ಕ ಹಾಕಿ, "ಮಾಡಿಸಿದೀವಿ ಸಾರ್" ಅನ್ನೋ ಮಾತನ್ನ ವೋಚರ್ ಅಂತ ತಗೋಬೇಡಿ.

ಸಸ್ಪೆನ್ಷನ್. ನಾವು ಎಸ್‌ಯುವಿ ಅಂತ ಕರೆಯೋ ಬಹುಪಾಲು ಗಾಡಿಗಳು ನಿಜಕ್ಕೂ ಕ್ರಾಸ್‌ಓವರ್‌ಗಳು. ಅಂದ್ರೆ ಕಾರಿನ ಥರದ್ದೇ ಬಾಡಿ, ಸ್ವಲ್ಪ ಎತ್ತರ, ಜಾಸ್ತಿ ತೂಕ. ಆದ್ರೆ ಓಡಿಸೋರು ಜೀಪ್ ಅನ್ಕೊಂಡು ಗುಂಡಿಗೆ ಇಳಿಸ್ತಾರೆ. ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಮೊದಲು ಹೋಗೋದು ಇದಕ್ಕೇ. ಟೆಸ್ಟ್ ಡ್ರೈವ್‌ನಲ್ಲಿ ಹಾಡು ಆಫ್ ಮಾಡಿ, ಗ್ಲಾಸ್ ಇಳಿಸಿ, ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ. ಕಟಕಟ ಅಂದ್ರೆ ರೇಟು ಇಳಿಸೋಕೆ ಕಾರಣ ಸಿಕ್ತು.

ಟೈರ್. ಪಕ್ಕದಲ್ಲಿ ಡಾಟ್ ಕೋಡ್ ಜೊತೆ ನಾಲ್ಕು ಅಂಕಿ ಇರುತ್ತೆ. 1817 ಅಂದ್ರೆ 2017ರ 18ನೇ ವಾರ ತಯಾರಾಗಿದ್ದು. ಗ್ರಿಪ್ ಉಳಿದಿದ್ರೂ ರಬ್ಬರ್ ವಯಸ್ಸಾಗಿ ಗಟ್ಟಿಯಾಗಿರುತ್ತೆ. ಇವುಗಳ ಟೈರ್ ಸೈಜ್ ದೊಡ್ಡದು, ಸಣ್ಣ ಕಾರಿನ ರೇಟು ಅಂದ್ಕೊಂಡು ಹೋಗ್ಬೇಡಿ.

ಡೀಸೆಲ್ ಬೇಕಾ ಅನ್ನೋದನ್ನೂ ಯೋಚಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ. ಅದು ತನ್ನನ್ನ ತಾನೇ ಸುಟ್ಟು ಕ್ಲೀನ್ ಮಾಡ್ಕೊಳ್ಳೋಕೆ ಹೈವೇ ಓಟ ಬೇಕು. ಮನೆಯಿಂದ ಕಾಲೇಜಿಗೆ 3 ಕಿ.ಮೀ. ಓಡಿಸೋರಿಗೆ ಅದು ಕಟ್ಕೊಳ್ಳುತ್ತೆ. ನಿಮ್ಮ ಓಡಾಟ ಊರೊಳಗೇ ಇದ್ರೆ ಪೆಟ್ರೋಲ್ ನೋಡಿ.

ಇನ್ಶೂರೆನ್ಸ್. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಗಾಡಿಗಲ್ಲ, ಮನುಷ್ಯನಿಗೆ ಸೇರಿದ್ದು. 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಿ. ಇಂಜಿನ್ ಸೈಜ್ ಕೂಡ ನೋಡಿ. 2022ರ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ 1000ದಿಂದ 1500 ಸಿಸಿ ಒಳಗೆ 3,416, ಅದರ ಮೇಲೆ 7,897. ಮೊದಲ ಜನರೇಷನ್ ಕ್ರೆಟಾದ 1.6 ಇಂಜಿನ್ ಮೇಲಿನ ಸಾಲಿಗೆ ಬೀಳುತ್ತೆ.

ನಮ್ಮ ಮೊದಲ ವರ್ಷದ ರೆವಿನ್ಯೂ ಖರ್ಚು: ಇನ್ಶೂರೆನ್ಸ್ 17,800, ಸರ್ವಿಸ್ 9,200, ಏಳನೇ ತಿಂಗಳಲ್ಲಿ ಲೀಕ್ ಆದ ಎಸಿ ಕಂಡೆನ್ಸರ್ 11,600. ಒಟ್ಟು 38,600. 9,000 ಕಿ.ಮೀ.ಗೆ ಡೀಸೆಲ್ 49,500. ಐದು ವರ್ಷ ಇಟ್ಕೊಂಡು 2,17,400ಕ್ಕೆ ಮಾರ್ತೀವಿ ಅಂದ್ಕೊಳ್ಳಿ, ಸ್ಟ್ರೈಟ್ ಲೈನ್ ಡಿಪ್ರಿಸಿಯೇಷನ್ ವರ್ಷಕ್ಕೆ 80,000. ಎಲ್ಲ ಸೇರಿ 1,68,100. ಕಿಲೋಮೀಟರ್‌ಗೆ 18 ರೂಪಾಯಿ 68 ಪೈಸೆ. ಬಂಕ್‌ನಲ್ಲಿ ಕಾಣೋದು ಅದರಲ್ಲಿ ಐದೂವರೆ ಮಾತ್ರ.

ಇಷ್ಟು ಲೆಕ್ಕ ಯಾಕೆ ಹೇಳ್ತಿದೀನಿ ಅಂದ್ರೆ, ಆ 77,400 ಬಂದಿದ್ದು ಅಮ್ಮನ ಚೀಟಿ ದುಡ್ಡಿಂದ. ತಂಗಿಯ ಪಿಯು ಅಡ್ಮಿಷನ್‌ಗೆ ಅಂತ ಎರಡು ವರ್ಷ ಕಟ್ಟಿದ್ದು. ಅವಳು ಸೇರ್ಬೇಕು ಅಂತಿದ್ದ ಕಾಲೇಜಿನ ಫೀಸ್ ಕಟ್ಟೋ ತಿಂಗಳು ಮತ್ತು ಬೆಲ್ಟ್ ಬದಲಾಯಿಸೋ ತಿಂಗಳು ಒಂದೇ ಆಯ್ತು. ಅವಳು ಸರ್ಕಾರಿ ಕಾಲೇಜಿಗೆ ಸೇರಿದಳು. ಚೆನ್ನಾಗೇ ಓದ್ತಿದಾಳೆ, ಲೆಕ್ಚರರ್ಸೂ ಒಳ್ಳೆಯವರು. ಆದ್ರೆ ಮನೇಲಿ ಯಾರೂ ಕೂತು "ಗಾಡಿನಾ, ಅವಳ ಕಾಲೇಜಾ" ಅಂತ ಮಾತಾಡಿ ತೀರ್ಮಾನ ಮಾಡಿದ್ದಲ್ಲ ಅದು. ಬಿಲ್ ಬಂತು, ತೀರ್ಮಾನ ಆಗೋಯ್ತು. ಅಜ್ಜಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಬೇಕೇ ಬೇಕಿತ್ತು, ಅದನ್ನ ತಂಗೀನೇ ಮೊದಲು ಹೇಳಿದ್ದು.

ಹಾಗಾಗಿ ತಗೋಬೇಡಿ ಅಂತ ಹೇಳ್ತಿಲ್ಲ. ಕೈಯಲ್ಲಿ 5 ಲಕ್ಷ ಇದ್ರೆ 4 ಲಕ್ಷದ ಗಾಡಿ ನೋಡಿ. ಉಳಿದ ಒಂದು ಲಕ್ಷ ಪ್ರಾವಿಷನ್, ಮುಟ್ಬೇಡಿ. ಅಡ್ವಾನ್ಸ್ ಕೊಡೋ ಮುಂಚೆ ನಿಮಗೆ ಗೊತ್ತಿರೋ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಗಾಡಿ ಲಿಫ್ಟ್ ಮೇಲೆ ಹಾಕಿಸಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಕಲೆ ಇದ್ರೆ ನೀರಲ್ಲಿ ಮುಳುಗಿದ ಗಾಡಿ ಇರಬಹುದು. ಆರ್‌ಸಿಯಲ್ಲಿ ಲೋನ್ ಇದ್ರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಟ್ರಾನ್ಸ್‌ಫರ್‌ಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ನಂಬರ್ ಆದ್ರೆ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸನ್ನೂ ರೇಟಿಗೆ ಸೇರಿಸಿ.

ಆಮೇಲೆ ಒಂದು ಹಾಳೆ ತಗೊಂಡು ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಪೂರ್ತಿ ರೇಟು ಬರೀರಿ. ಮನೇಲಿ ಬಿಕಾಂ ಓದ್ತಿರೋದು ನೀವೇ ತಾನೇ.

ನೋಡ್ತಿರೋ ಗಾಡಿಯ ಮಾಡೆಲ್, ವರ್ಷ, ಕಿ.ಮೀ. ಕಮೆಂಟಲ್ಲಿ ಹಾಕಿ, ಲೆಕ್ಕ ಒಟ್ಟಿಗೆ ಹಾಕೋಣ. ಭಾಗ 5ರಲ್ಲಿ: ಯೂಸ್ಡ್ ಕಾರ್ ಲೋನಿನ ಇಎಂಐ.

#ಲೆಕ್ಕದಪುಸ್ತಕ #ಬಿಕಾಂಹುಡುಗರು #ಸೆಕೆಂಡ್‌ಹ್ಯಾಂಡ್‌ಕಾರು